ಒಪ್ಪತ್ತಿನ ದಿನವೂ ಹೊಟ್ಟೆ ಹಗುರವಾಗಿರಲಿ

ನಮ್ಮ ಕೋಲಾರದ ಕಡೆಯ ಮನೆಗಳಲ್ಲಿ ಆರೋಗ್ಯದ ಊಟಕ್ಕೆಂದು ಹೊಸದಾಗಿ ಏನನ್ನೂ ಕೊಂಡು ತರಬೇಕಾಗಿಲ್ಲ. ಮುದ್ದೆ, ಬಸ್ಸಾರು, ಪಲ್ಯ, ಒಂದು ಲೋಟ ಮಜ್ಜಿಗೆ ಇದ್ದರೆ ಸಾಕು. ಮಾಡುವ ಕ್ರಮ ಮಾತ್ರ ಸರಿಯಿರಬೇಕು. ಸೊಪ್ಪನ್ನು ತೊಳೆದ ಮೇಲೆ ಹೆಚ್ಚಿ, ಹೆಚ್ಚಿ ತೊಳೆದರೆ ಅದರ ಸಾರವೆಲ್ಲ ನೀರಿನ ಪಾಲಾಗುತ್ತದೆ. ಕಾಳು ಬೇಯುತ್ತ ಬಂದಾಗ ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಹಾಕಿ, ಬೆಂದ ಕೂಡಲೇ ಕಟ್ಟು ಬಸಿದುಕೊಳ್ಳಿ. ಆ ಕಟ್ಟನ್ನು ಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಸೊಪ್ಪಿನಿಂದ ನೀರಿಗಿಳಿದ ಸತ್ವ ಇರುವುದೇ ಅದರಲ್ಲಿ. ಹುರುಳಿಯಾದರೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಮಾಡಿ. ಜೀರ್ಣಕ್ಕೂ ಹಗುರ, ರುಚಿಯೂ ಬೇರೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಹಿಟ್ಟನ್ನು ನಯವಾದ ಜರಡಿಯಲ್ಲಿ ಹಿಡಿದು ಹೊಟ್ಟನ್ನು ಎಸೆಯಬೇಡಿ. ಹಾಗೆಂದು ರಾಗಿ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ತಪ್ಪು. ಹೊಲದಲ್ಲಿ ದುಡಿಯುವವರಿಗೆ ಎರಡು ಮುದ್ದೆ ಸರಿ, ಕುರ್ಚಿಯಲ್ಲಿ ಕುಳಿತು ದುಡಿಯುವವರಿಗೆ ಸಣ್ಣದೊಂದು ಸಾಕು. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಅದು ಹತ್ತುವುದು ಕಡಿಮೆಯಾಗುತ್ತದೆ, ಒಂದು ಗಂಟೆ ತಡೆಯಿರಿ.

ಇನ್ನು ಉಪವಾಸ. ಶನಿವಾರದ ಒಪ್ಪತ್ತಿಗೆ ಒಂದು ಹೊತ್ತಿನ ಅನ್ನ ಬಿಟ್ಟು, ರಾತ್ರಿ ಎಣ್ಣೆ ಸುರಿದ ಉಪ್ಪಿಟ್ಟು, ಮೇಲೆ ಬಜ್ಜಿ, ಅದರ ಮೇಲೆ ಕೇಸರಿಬಾತು. ಹೀಗೆ ತಿಂದರೆ ಬಿಟ್ಟ ಊಟಕ್ಕಿಂತ ತಿಂದ ತಿಂಡಿಯೇ ಭಾರ. ಸಬ್ಬಕ್ಕಿ ಬಹುಪಾಲು ಬರೀ ಪಿಷ್ಟ. ಮಾಡಲೇಬೇಕೆಂದಿದ್ದರೆ ಕರಿದ ವಡೆಯ ಬದಲು ಹುರಿದ ಕಡಲೆಕಾಯಿ ಬೀಜದ ಪುಡಿ ಬೆರೆಸಿ ಕಿಚಡಿ ಮಾಡಿ, ಪಕ್ಕದಲ್ಲಿ ಮೊಸರಿರಲಿ. ಮನೆಯ ಪದ್ಧತಿ ಒಪ್ಪಿದರೆ ನೆನೆಸಿದ ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ ಎಲ್ಲಕ್ಕಿಂತ ಒಳ್ಳೆಯದು. ಸೈಂಧವ ಲವಣವೂ ಉಪ್ಪೇ, ರಕ್ತದೊತ್ತಡ ಇರುವವರು ಧಾರಾಳವಾಗಿ ಹಾಕಬಾರದು. ಶಿವರಾತ್ರಿ ಬರುವುದೇ ಬಿಸಿಲು ಏರುವ ಕಾಲಕ್ಕೆ, ಜಾಗರಣೆಗೆ ಕುಳಿತವರು ಕಾಫಿಯ ಮೇಲೆಯೇ ರಾತ್ರಿ ಕಳೆಯದೆ ನೀರು ಮಜ್ಜಿಗೆ, ಪಾನಕ, ಎಳನೀರು ಕುಡಿಯುತ್ತಿರಿ.

ಏಕಾದಶಿಯ ಮರುದಿನ ಪಾರಣೆಗೆ ಹಿರಿಯರು ಅಗಸೆ ಸೊಪ್ಪನ್ನೂ ನೆಲ್ಲಿಕಾಯಿಯನ್ನೂ ಎಲೆಗೆ ಬಡಿಸುತ್ತಿದ್ದರು. ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತಲು ನೆಲ್ಲಿಯ ಹುಳಿಯೇ ಜೊತೆಗಿರುತ್ತದೆ, ಎಷ್ಟು ಒಳ್ಳೆಯ ಜೋಡಿ! ಖಾಲಿ ಹೊಟ್ಟೆಗೆ ಪಾಯಸ, ಕರಿದ ತಿಂಡಿ ತುಂಬಬೇಡಿ. ಮೊದಲು ತಿಳಿಸಾರು, ಮೆತ್ತನೆಯ ಅನ್ನ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳದೆ ನಿರಾಹಾರ ಹಿಡಿಯಲೇಬಾರದು. ಊಟ ಬಿಟ್ಟು ಮಾತ್ರೆ ನುಂಗಿದರೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಕಣ್ಣು ಮಂಜು ಕಂಡ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.