ಪರ್ಷಿಯನ್ ರತ್ನಗಂಬಳಿಯ ವಿನ್ಯಾಸವನ್ನು ರೇಷ್ಮೆ ಸ್ಕಾರ್ಫಿನ ಮೇಲೆ ಬರೆಯುವ ಬಗೆ

ನಡುವೆ ಪದಕ, ನಾಲ್ಕು ಮೂಲೆಗಳಲ್ಲಿ ಅದರ ಕಾಲುಭಾಗ, ಸುತ್ತಲೂ ಅಂಚಿನ ಪಟ್ಟಿಗಳು: ಇರಾನಿನ ನೇಕಾರರು ‘ಲಚಕ್-ತೊರಂಜ್’ ಎಂದು ಕರೆಯುವ ಈ ರಚನೆಯನ್ನು ಅರಿಯಲು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಅರ್ದಬೀಲ್ ಗಂಬಳಿಯ ಚಿತ್ರವನ್ನು ನೋಡಬೇಕು. 1539–40ರ ಕಾಲದ ಆ ಗಂಬಳಿಯಲ್ಲಿ ಕಡುನೀಲಿ ಹಿನ್ನೆಲೆಯ ಮೇಲಿನ ಹಳದಿ ಪದಕವನ್ನು 16 ಅಂಡಾಕಾರದ ಕಿರುಪದಕಗಳು ಸುತ್ತುವರಿದಿವೆ.

ಆದರೆ ಅದನ್ನು ಹಾಗೆಯೇ ನಕಲಿಸುವುದು ಸರಿಯಲ್ಲ. ಗಂಬಳಿ ನೆಲದ ಮೇಲೆ ಪೂರ್ತಿ ಹರಡಿಕೊಂಡಿರುತ್ತದೆ. ಸ್ಕಾರ್ಫನ್ನು ಕರ್ಣವಾಗಿ ಮಡಿಸಿ ತೊಟ್ಟಾಗ ಪದಕ ಮಡಿಕೆಯಲ್ಲಿ ಅಡಗಿ, ಮೂಲೆ ಮತ್ತು ಅಂಚು ಮಾತ್ರ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಸೂಕ್ಷ್ಮವಾದ ಬಳ್ಳಿ, ಹೂವು, ಎಲೆಗಳನ್ನೆಲ್ಲ ಮೂಲೆಗಳಿಗೆ ಮೀಸಲಿಟ್ಟು, ನಡುವಿನ ಪದಕವನ್ನು ಸರಳವಾಗಿಡುವುದೇ ಲೇಸು.

90 ಸೆಂ.ಮೀ. ಚೌಕದ ಸ್ಕಾರ್ಫಿಗೆ 45 ಸೆಂ.ಮೀ. ಚೌಕದ ಕಾಗದದಲ್ಲಿ ಕಾಲುಭಾಗವನ್ನಷ್ಟೇ ಬರೆದುಕೊಂಡರೆ ಸಾಕು, ಉಳಿದ ಮೂರು ಭಾಗಗಳು ಅದರ ಪ್ರತಿಬಿಂಬಗಳೇ. ಅಗಲವಾದ ಮುಖ್ಯ ಅಂಚಿನ ಎರಡೂ ಬದಿಗೆ ಕಿರಿದಾದ ಕಾವಲು ಪಟ್ಟಿಗಳಿರಲಿ. ಅಂಚಿನ ಬಳ್ಳಿ ಮೂಲೆಯಲ್ಲಿ ತುಂಡಾಗದೆ ಸಹಜವಾಗಿ ತಿರುಗಬೇಕಾದರೆ ಮೂಲೆಯ ಹೂವನ್ನು ಮೊದಲು ಬರೆದು, ಅಲ್ಲಿಂದ ಎರಡೂ ಕಡೆಗೆ ಬಳ್ಳಿಯನ್ನು ಹರಿಸಬೇಕು.

ತೆಳುವಾದ ಬಿಳಿ ರೇಷ್ಮೆಯನ್ನು ಸೌಮ್ಯ ಸೋಪಿನಲ್ಲಿ ತೊಳೆದು ಒಣಗಿಸಿ, ಮರದ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿರಿ. ಕಾಗದವನ್ನು ಬಟ್ಟೆಯ ಅಡಿಯಲ್ಲಿರಿಸಿ ರೇಖೆಗಳನ್ನು ಮಾಯವಾಗುವ ಶಾಯಿಯಿಂದ ನಕಲು ಮಾಡಿಕೊಂಡು, ಅವುಗಳ ಮೇಲೆ ಗುಟ್ಟಾ ಎಂಬ ತಡೆದ್ರವವನ್ನು ಸಣ್ಣ ಮೂತಿಯ ಬಾಟಲಿಯಿಂದ ಎಳೆಯಬೇಕು. ಈ ಕೆಲಸದ ಸೋಲು ಗೆಲುವು ಇರುವುದು ಇಲ್ಲಿಯೇ. ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಣ್ಣ ಪಕ್ಕದ ಹೂವಿಗೆ ನುಸುಳುವುದರಿಂದ, ಒಣಗಿದ ಬಳಿಕ ಬಟ್ಟೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದಲೂ ಪರೀಕ್ಷಿಸಿರಿ.

ಬಣ್ಣಗಳಿಗೆ ಗಂಬಳಿಯ ಹಳೆಯ ಪರಂಪರೆಯೇ ದಾರಿ ತೋರುತ್ತದೆ: ಮಂಜಿಷ್ಠದ ಜಾತಿಯ ಬೇರಿನ ಕೆಂಪು, ನೀಲಿಗಿಡದ ಕಡುನೀಲಿ, ದಾಳಿಂಬೆ ಸಿಪ್ಪೆಯ ಹಳದಿ. ಈ ಛಾಯೆಗಳಿಗೆ ಹತ್ತಿರವಾದ ರೇಷ್ಮೆ ಬಣ್ಣಗಳನ್ನು ಆರಿಸಿ, ತಿಳಿಯಿಂದ ಗಾಢದತ್ತ ಸಾಗಿರಿ. ಕುಂಚವನ್ನು ಗೆರೆಗೆ ತಾಗಿಸದೆ ನಡುವೆ ಇಟ್ಟರೆ ಬಣ್ಣ ತಾನಾಗಿಯೇ ಗೆರೆಯವರೆಗೆ ಹರಡುತ್ತದೆ.

ಒಣಗಿದ ಸ್ಕಾರ್ಫನ್ನು ಮುದ್ರಣವಿಲ್ಲದ ಕಾಗದದಲ್ಲಿ ಸುತ್ತಿ, ನೀರಿನ ಹನಿ ತಾಗದಂತೆ, ಬಣ್ಣದ ತಯಾರಕರು ಸೂಚಿಸಿದಷ್ಟು ಹೊತ್ತು ಹಬೆಯಲ್ಲಿ ಬೇಯಿಸಿ, ತಣ್ಣೀರಿನಲ್ಲಿ ತೊಳೆಯಿರಿ. ಕೊನೆಗೆ ಅಂಚನ್ನು ಕೈಯಿಂದ ಸುರುಳಿ ಮಡಿಸಿ ರೇಷ್ಮೆ ದಾರದಿಂದ ಹೊಲಿಯಬೇಕು. ಈ ಮಡಿಕೆಗೆಂದು ಹೊರಗಿನ ಪಟ್ಟಿಯಾಚೆ ಸುಮಾರು 1 ಸೆಂ.ಮೀ. ಬಟ್ಟೆಯನ್ನು ಮೊದಲೇ ಹೆಚ್ಚಾಗಿ ಬಿಟ್ಟುಕೊಂಡಿರಬೇಕು.