ಒಂದು ತಂತಿಚೂರು ಕೊಳಕ್ಕೆ ಬೀಳದಿರಲು

ಅಣುಸ್ಥಾವರಗಳಲ್ಲಿ ಬಳಸಿದ ಇಂಧನವಿಡುವ ನೀರಿನ ಕೊಳಕ್ಕೆ ಇಳಿಸುವ ಉದ್ದ ಹಿಡಿಕೆಯ ಉಪಕರಣಗಳನ್ನು ನಾವು ಪೀಣ್ಯದ ಶೆಡ್ಡಿನಲ್ಲಿ ಜೋಡಿಸುತ್ತೇವೆ. ಆ ಕೊಳಕ್ಕೆ ಹೊರಗಿನ ಚೂರು ಬೀಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಸ್ಥಾವರದವರು ಎಫ್‌ಎಂಇ (ಫಾರಿನ್ ಮೆಟೀರಿಯಲ್ ಎಕ್ಸ್‌ಕ್ಲೂಷನ್) ಅನ್ನುತ್ತಾರೆ. ಕೊಳದ ಅಂಚಿನಲ್ಲಿ ನಿಂತು ಎಚ್ಚರ ವಹಿಸುವುದು ಅದರ ಕೊನೆಯ ಹಂತ. ಮುಕ್ಕಾಲು ಕೆಲಸ ಮುಗಿಯಬೇಕಾದದ್ದು ನಮ್ಮ ವರ್ಕ್‌ಬೆಂಚಿನ ಮೇಲೆಯೇ.

ಇಂಧನದ ಕಡ್ಡಿಗಳ ಜಿರ್ಕೋನಿಯಂ ಹೊದಿಕೆ ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪ. ಕೂಡಂಕುಳಂ ಮಾದರಿಯ ರಿಯಾಕ್ಟರಿನಲ್ಲಿ ಅರೆಬಳಕೆಯಾದ ಇಂಧನ ಕೊಳದಿಂದ ಮರಳಿ ಒಳಗೆ ಹೋಗಬಹುದು. ಅದರ ಜೊತೆ ಹೋದ ತಂತಿಚೂರು ಕಡ್ಡಿಗಳನ್ನು ಹಿಡಿದಿಡುವ ಜಾಲರಿಯಲ್ಲಿ ಸಿಕ್ಕಿಕೊಂಡು, ನೀರಿನ ರಭಸಕ್ಕೆ ಅದುರುತ್ತಾ ಹೊದಿಕೆಯನ್ನು ಉಜ್ಜಿ ತೂತು ಮಾಡುತ್ತದೆ. ಕೈಗಾದಲ್ಲಿ 19 ಕಡ್ಡಿಗಳ, ಅರ್ಧ ಮೀಟರ್ ಉದ್ದದ ಬಂಡಲ್ ಕೊಳಕ್ಕೆ ಬಂದಮೇಲೆ ರಿಯಾಕ್ಟರಿಗೆ ವಾಪಸಾಗುವುದಿಲ್ಲ. ಹಾಗಂತ ಅಲ್ಲಿ ಸಡಿಲ ಬಿಡುವಂತಿಲ್ಲ. ಬಂಡಲ್ ಇಡುವ ಟ್ರೇ ಸರಿಯಾಗಿ ಕೂರಲು ಚೂರು ಅಡ್ಡವಾಗುತ್ತದೆ, ಅದನ್ನು ತೆಗೆಯಲು ಹೋದವರು ವಿಕಿರಣದ ಡೋಸ್ ತೆಗೆದುಕೊಳ್ಳಬೇಕಾಗುತ್ತದೆ.

ನಮಗೆ ಹೆಚ್ಚು ಭಯ ಲಾಕಿಂಗ್ ವೈರಿನದು. ಬೋಲ್ಟ್ ಸಡಿಲವಾಗಿ ಬೀಳದಿರಲಿ ಎಂದೇ ಜೋಡಿ ಬೋಲ್ಟಿಗೊಂದರಂತೆ ಹಾಕುವ 0.8 ಮಿ.ಮೀ. ಸ್ಟೀಲ್ ತಂತಿ ಅದು. ಅದರ ತುದಿಯೇ ಕಸವಾಗುತ್ತದೆ. ಎರಡೆಳೆ ಸೇರಿಸಿ ತಿರುಚಿದ ತುದಿಯನ್ನು ಕತ್ತರಿಸಿದಾಗ ಉದುರುವುದು ಒಂದು ತುಂಡಲ್ಲ, ಎರಡು ಎಳೆ. ಆದ್ದರಿಂದ 12 ಜೋಡಿ ಬೋಲ್ಟಿಗೆ 24 ತುಂಡು ಡಬ್ಬಿಯಲ್ಲಿರಬೇಕು. ಕತ್ತರಿಸುವಾಗ ತುದಿಯನ್ನು ಇನ್ನೊಂದು ಪ್ಲೈಯರಿನಲ್ಲಿ ಹಿಡಿದೇ ಕತ್ತರಿಸಬೇಕು, ಇಲ್ಲದಿದ್ದರೆ ಅದು ಸಿಡಿದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಲೆಕ್ಕಕ್ಕೆ 23 ಸಿಕ್ಕರೆ ಉಪಕರಣ ಶೆಡ್ ದಾಟುವುದಿಲ್ಲ. ಹುಡುಕಲು ಮ್ಯಾಗ್ನೆಟ್ ನಂಬಬೇಡಿ, ಈ ತಂತಿಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಅದು ಸರಿಯಾಗಿ ಹಿಡಿಯುವುದಿಲ್ಲ. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿದಂತೆ ಅಡ್ಡ ಹಿಡಿದರೆ ಎಳೆಯ ನೆರಳು ಉದ್ದಕ್ಕೆ ಬೀಳುತ್ತದೆ. ಗ್ಲೌಸಿನ ಹೊಲಿಗೆಯಲ್ಲೂ ನೋಡಿ.

ಎರಡನೆಯದು ಹಿಡಿಕೆಯ ಪೈಪು. ಟೊಳ್ಳು ಪೈಪಿಗೆ ತೂತು ಕೊರೆಯಲೇಬೇಕು. ಒಳಗೆ ಗಾಳಿ ಉಳಿದರೆ, ನೀರು ತಡೆಯಬೇಕಾದ ವಿಕಿರಣ ಆ ಗಾಳಿಯ ದಾರಿಯಲ್ಲಿ ನೇರ ಮೇಲೆ, ಪೈಪು ಹಿಡಿದವನ ಕಡೆಗೇ ಬರುತ್ತದೆ. ನೀರು ನುಗ್ಗಲು ಕೆಳಗೆ, ಗಾಳಿ ಹೊರಡಲು ಮೇಲೆ, ನಡುವೆ ಅರ್ಧ ಮೀಟರಿಗೊಂದು ತೂತು ಹಾಕುತ್ತೇವೆ. ಆದರೆ ಪ್ರತಿ ತೂತಿನ ಒಳಬದಿಯಲ್ಲಿ ಬರ್, ಅಂದರೆ ಕೊರೆದಾಗ ಉಳಿದ ಲೋಹದ ಚೂಪು ಅಂಚು, ನೇತಾಡುತ್ತಿರುತ್ತದೆ. ಹೊರಗಿನಿಂದ ಉಜ್ಜಿದರೆ ಅದು ಹೋಗುವುದಿಲ್ಲ. ಒಳಗಿನಿಂದ ಕೆರೆದು, ನೀರು ಹಾಯಿಸಿ, ನೂಲು ಬಿಡದ ಬಿಳಿ ಬಟ್ಟೆ ಎಳೆದು, ಕೊನೆಗೆ ಬೋರೋಸ್ಕೋಪ್ (ಪೈಪಿನೊಳಗೆ ತೂರಿಸಿ ನೋಡುವ ಸಾಧನ) ಹಾಕಿ ನೋಡುತ್ತೇವೆ. ವೈರ್ ಬ್ರಷ್ ಈ ಶೆಡ್ಡಿಗೇ ಬೇಡ, ಅದರ ಕೂದಲು ಉದುರುತ್ತದೆ. ಟೆಫ್ಲಾನ್ ಟೇಪೂ ಬೇಡ, ವಿಕಿರಣಕ್ಕೆ ಅದು ಪುಡಿಪುಡಿಯಾಗುತ್ತದೆ. ಕೊನೆಯ ತೊಳೆತ ಡಿಎಂ ನೀರಿನಲ್ಲಿ, ಅಂದರೆ ಲವಣ ತೆಗೆದ ನೀರಿನಲ್ಲಿ; ಇಲ್ಲಿನ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಒಣಗಿದರೆ ಸ್ಟೀಲಿನ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ.

ಪ್ಯಾಕಿಂಗಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಲೇಬೇಡಿ. ನಂಬಿಕೆಯಾಗದಿದ್ದರೆ ಒಂದು ಡ್ರಮ್ಮಿಗೆ ನೀರು ತುಂಬಿ ಅಂಗೈಯಗಲದ ತುಂಡು ಮುಳುಗಿಸಿ ನೋಡಿ: ಗಾಳಿಯಲ್ಲಿ ಹೊಳೆಯುತ್ತಿದ್ದದ್ದು ನೀರಿನಲ್ಲಿ ಕಾಣದೇ ಹೋಗುತ್ತದೆ. ನಾವು ಗಾಢ ಹಳದಿಯದನ್ನೇ ಬಳಸುತ್ತೇವೆ.

ಕೊಳದ ಬಳಿ ನಿಯಮಗಳು ಎಲ್ಲರಿಗೂ ಗೊತ್ತಿರುವವೇ. ಜೇಬಿಲ್ಲದ ಬಟ್ಟೆ, ಕನ್ನಡಕಕ್ಕೆ ಪಟ್ಟಿ, ಪೆನ್ನಿನ ಕ್ಯಾಪಿನವರೆಗೆ ಒಳಹೊರಗಿನ ಲೆಕ್ಕ. ತಪ್ಪುವುದು ದಾರ ಕಟ್ಟುವಲ್ಲಿ: ಸ್ಪ್ಯಾನರಿಗೆ ಕಟ್ಟಿ, ಅದರ ಸಾಕೆಟ್ಟನ್ನು ಮರೆಯುತ್ತಾರೆ.

ಅಷ್ಟಾದರೂ ಬಿದ್ದರೆ ಕೆಲಸ ನಿಲ್ಲಿಸಿ, ಬಿದ್ದ ಜಾಗ ಗುರುತಿಸಿ, ತಕ್ಷಣ ತಿಳಿಸಿ. ಕೈಗೆ ಸಿಕ್ಕ ಕೋಲಿನಿಂದ ಕೆದಕಿದರೆ ಚೂರು ರ್‍ಯಾಕುಗಳ ಸಂದಿಗೆ ಜಾರುತ್ತದೆ. ಕ್ಯಾಮೆರಾ ಇಳಿಸಿ ನೋಡಿದಮೇಲೆಯೇ ಇಕ್ಕಳ. ಮೇಲೆತ್ತುವಾಗ ಚೂರು ನೀರಿನಲ್ಲಿರುವಾಗಲೇ ಒಮ್ಮೆ ನಿಲ್ಲಿಸಬೇಕು. ವಿಕಿರಣ ರಕ್ಷಣೆಯವರು ಮೀಟರ್ ನೋಡಿ ಹೇಳುವತನಕ ಅದು ನೀರಿನಿಂದಾಚೆ ಬರಕೂಡದು.