ತಿರುಗಾಟದ ದುಡ್ಡು ಮಕ್ಕಳ ಕೈಗೆ ಕೊಟ್ಟ ನನ್ನ ಅನುಭವ

ಇದು ಸರಿದಾರಿಗೆ ಬರಲು ಮೂರು ಬೇಸಿಗೆ ರಜೆ ಹಿಡಿಯಿತು. ಈ ವರ್ಷ ಬಂತು. "ಮಕ್ಕಳ ಕೈಗೆ ದುಡ್ಡು ಕೊಟ್ಟು ನೀನು ಹಿಂದೆ ಹಿಂದೆ ಹೋಗುವುದಾ?" ಎಂದು ಕೇಳಿದ್ದ ನನ್ನ ಅಕ್ಕ ಈಗ ತನ್ನ ಮಗನನ್ನೂ ನಮ್ಮ ಜೊತೆ ಕಳಿಸುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮಂಗಳೂರಿನ ಕಾವೂರಿನಲ್ಲಿ ಟೈಲರಿಂಗ್. ಇವರು, ಅಂದರೆ ನನ್ನ ಗಂಡ, ಕುವೈತಿನಲ್ಲಿ. ಮಗಳಿಗೆ 12, ಮಗನಿಗೆ 9. ಏಪ್ರಿಲ್, ಮೇ ಅಂದರೆ ಮದುವೆ ಸೀಸನ್, ರವಿಕೆ ಹೊಲಿದು ಮುಗಿಯುವುದಿಲ್ಲ. ವಾರಕ್ಕೆ ಒಂದು ದಿನ ಬಿಡುವು ಮಾಡಿಕೊಳ್ಳುವುದೇ ದೊಡ್ಡದು. ಅದೂ ಹೆಚ್ಚಾಗಿ ಸೋಮವಾರ.

ಮೂರು ವರ್ಷದ ಹಿಂದೆ ಎಲ್ಲರ ಹಾಗೆ ನಾವೂ ಚಿಕ್ಕಮಗಳೂರು ಕಡೆ ಒಂದು ರೆಸಾರ್ಟಿಗೆ ಹೋದೆವು. ಎರಡು ರಾತ್ರಿ. ಕಾರು, ಊಟ, ರೂಮು ಎಲ್ಲ ಸೇರಿ 26-27 ಸಾವಿರ ಆಗಿರಬೇಕು. ಹೆಚ್ಚುಕಡಿಮೆ ಅರುವತ್ತು ರವಿಕೆ ಹೊಲಿದ ದುಡ್ಡು. ಚಾರ್ಮಾಡಿ ಘಾಟಿಯಲ್ಲಿ ಮಕ್ಕಳಿಬ್ಬರೂ ನಿದ್ದೆ. ಒಂದು ತಿಂಗಳು ಬಿಟ್ಟು ಮಗನ ಹತ್ತಿರ "ಅಲ್ಲಿ ಎಂತ ನೋಡಿದೆ?" ಎಂದು ಕೇಳಿದೆ. "ಟಿವಿ ದೊಡ್ಡದಿತ್ತು" ಅಂದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಯಲ್ಲ. ಎಲ್ಲವನ್ನೂ ನಾವೇ ಮಾಡಿ ಮುಂದೆ ಇಟ್ಟರೆ ಅವರಿಗೆ ನೋಡಲು ಏನು ಉಳಿಯಿತು, ಅಲ್ವಾ?

ಮರುವರ್ಷ ಇಬ್ಬರಿಗೂ ಸೇರಿಸಿ ಸಾವಿರ ರೂಪಾಯಿ ಕೈಗೆ ಕೊಟ್ಟೆ. ಪಣಂಬೂರು ಬೀಚಿಗೆ ಹೋದೆವು. ಒಂಟೆ ಸವಾರಿ, ಚರುಮುರಿ, ಎರಡೆರಡು ಐಸ್‌ಕ್ರೀಮ್, ಒಂದು ಗಾಳಿಪಟ. ಆರು ಗಂಟೆಗೆ ಬಸ್ಸಿಗೂ ದುಡ್ಡಿಲ್ಲ. "ನೀನೇ ಖಾಲಿ ಮಾಡಿದ್ದು", "ಅಲ್ಲ, ಅಕ್ಕ ಮಾಡಿದ್ದು" ಎಂದು ಮರಳಿನ ಮೇಲೇ ಜಗಳ. ಕಡೆಗೆ ನಾನೇ ಪರ್ಸ್ ತೆಗೆದೆ. ತಪ್ಪಾದದ್ದು ಅಲ್ಲೇ. ನಾನು ತೆಗೆಯುತ್ತೇನೆ ಎಂದು ಅವರಿಗೆ ಗೊತ್ತಿತ್ತು. ಇನ್ನೆರಡು ಸಲವೂ ಹೀಗೇ ಆಯಿತು. ನಿಲ್ಲಿಸಿಬಿಟ್ಟೆ. "ನಾನು ಹೇಳಿರಲಿಲ್ವಾ?" ಎಂದು ಅತ್ತೆ ಹೇಳಿದ್ದು ಆಗಲೇ.

ಹೋದ ವರ್ಷ ಮೂರು ಬದಲಾವಣೆ ಮಾಡಿದೆ. ಉಳಿದ ರವಿಕೆ ಬಟ್ಟೆಯಲ್ಲಿ ಒಂದು ಪೌಚ್ ಹೊಲಿದೆ. ಮೆರೂನ್ ಬಣ್ಣ, ಅಂಚಿನಲ್ಲಿ ಸ್ವಲ್ಪ ಜರಿ. ಒಳಗೆ ಮೂರು ಜೇಬು: ಬಸ್ಸು, ತಿಂಡಿ, ಆಪತ್ತು. ಆಪತ್ತಿನ ಜೇಬಿಗೆ ಮಾತ್ರ ಟಿಚ್ ಬಟನ್. ಎರಡನೆಯದು, ಒಬ್ಬರು ಲೀಡರ್, ಇನ್ನೊಬ್ಬರು ಕ್ಯಾಷಿಯರ್. ಮುಂದಿನ ವಾರ ಅದಲು ಬದಲು. ಲೀಡರ್ ಹೇಳದೆ ಕ್ಯಾಷಿಯರ್ ಖರ್ಚು ಮಾಡುವ ಹಾಗಿಲ್ಲ, ಕ್ಯಾಷಿಯರ್ ಒಪ್ಪದೆ ಲೀಡರಿಗೆ ಏನೂ ಸಿಗುವುದಿಲ್ಲ. ಜಗಳ ಅರ್ಧ ಅಲ್ಲೇ ನಿಂತಿತು. ಮೂರನೆಯದು, ವಾರಕ್ಕೆ 700 ರೂಪಾಯಿ. ಉಳಿದದ್ದು ನನಗೆ ವಾಪಸ್ಸಿಲ್ಲ, ಮುಂದಿನ ತಿರುಗಾಟಕ್ಕೆ ಸೇರುತ್ತದೆ.

ನೀರಿಗೆ ಇಳಿಯುವ ವಿಷಯ ಮಾತ್ರ ಅವರಿಗೆ ಬಿಟ್ಟಿಲ್ಲ. ಅಲ್ಲಿ ನನ್ನ ಮಾತೇ ಕೊನೆ. ಮೊಣಕಾಲಿನವರೆಗೆ, ಅದೂ ನಾನು ಪಕ್ಕದಲ್ಲಿದ್ದರೆ. ನಮ್ಮ ಸಮುದ್ರ ಮೇ ತಿಂಗಳು ಕಳೆಯುತ್ತಾ ಬಂದ ಹಾಗೆ ಎಷ್ಟು ಒರಟಾಗುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇನ್ನು ಪಿಲಿಕುಳದ ಕಥೆ. ಮಗ ಮೊದಲ ಸಲ ಲೀಡರ್ ಆದ ದಿನ ಅದು, ಆಗ ಎಂಟು ವರ್ಷ. ಕಾಳಿಂಗ ಸರ್ಪ ನೋಡಬೇಕು ಎಂದು ಹದಿನೈದು ದಿನದಿಂದ ಅದೇ ಮಾತು. ಹೊರಟದ್ದು ಸೋಮವಾರ. ಅಲ್ಲಿನ ಮೃಗಾಲಯಕ್ಕೆ ಸೋಮವಾರ ರಜೆ ಎಂದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಎರಡು ಬಸ್ಸು, ಆಮೇಲೆ ರಿಕ್ಷಾ. ಬೆವರು ಇಳಿಯುತ್ತಿತ್ತು, ಅಷ್ಟು ಸೆಕೆ. ಗೇಟಿನ ಹತ್ತಿರ ಹೋಗಿ ಬೋರ್ಡ್ ಓದಿದ. ಮತ್ತೆ ಒಂದು ಸಲ ಓದಿದ. ತಿರುಗಿ ನನ್ನ ಮುಖ ನೋಡಿ, "ಅಮ್ಮ, ನಿಂಗೆ ಗೊತ್ತಿತ್ತಾ?" ಎಂದು ಕೇಳಿದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಗೊತ್ತಿತ್ತು" ಅಂದೆ.

ಅತ್ತ. ಅಕ್ಕ ಸಮಾಧಾನ ಮಾಡಲು ಹೋದರೆ ಕೈ ತಳ್ಳಿದ. ಮರದ ನೆರಳಲ್ಲಿ ಕೂತು ಕಟ್ಟಿ ತಂದಿದ್ದ ಅವಲಕ್ಕಿ ತಿಂದೆವು, ಅವನು ಮುಟ್ಟಲಿಲ್ಲ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ವಾಪಸ್ ಬರುವವರೆಗೆ ನನ್ನ ಹತ್ತಿರ ಮಾತಿಲ್ಲ. 200 ರೂಪಾಯಿಯ ಮೇಲೆ ಹೋಯಿತು, ಒಂದು ದಿನವೂ ಹೋಯಿತು. ಆ ಸಂಜೆ ಫೋನಿನಲ್ಲಿ ನನ್ನ ಅಕ್ಕ ಚೆನ್ನಾಗಿ ಬೈದಳು, "ನೀನು ತಾಯಿಯಾ?" ಎಂದೂ ಕೇಳಿದಳು. ನನಗೂ ಅನುಮಾನ ಬಂತು. ಒಂದು ವಾರ ಪೌಚನ್ನು ಕಪಾಟಿನಲ್ಲೇ ಇಟ್ಟಿದ್ದೆ.

ಆದರೆ ಮುಂದಿನ ಶನಿವಾರ ಅವನೇ ಬಂದು, "ಅಮ್ಮ, ಇನ್ನು ನಾನು ಕೇಳಿದ್ರೆ ನೀನು ಹೇಳ್ತೀಯಾ?" ಅಂದ. "ಕೇಳಿದ್ರೆ ಖಂಡಿತ ಹೇಳ್ತೇನೆ" ಅಂದೆ. ಅಂದಿನಿಂದ ಅದೇ ನಮ್ಮ ಕಾನೂನು. ಆ ಮಾತನ್ನು ನಾನು ಮೊದಲೇ ಹೇಳಬೇಕಿತ್ತು, ಈಗಲೂ ಹಾಗೇ ಅನಿಸುತ್ತದೆ. ಈಗ ಅವನು ಬಿಡುವುದಿಲ್ಲ. ಕಾಪು ದೀಪಸ್ತಂಭ ಯಾವ ಹೊತ್ತಿಗೆ ಹತ್ತಲು ಬಿಡ್ತಾರೆ ಎಂದು ಪರಿಚಯದ ಕಂಡಕ್ಟರ್ ಹತ್ತಿರ ಎರಡು ದಿನ ಮೊದಲೇ ವಿಚಾರಿಸಿದ. 1901ರ ದೀಪಸ್ತಂಭ ಅದು. ಸಂಜೆ ಸರಿಯಾದ ಹೊತ್ತಿಗೆ ಹೋಗಿ ಮೇಲೆ ಹತ್ತಿದೆವು. ಗಾಳಿಗೆ ಮಗಳ ಎರಡು ಜಡೆಯೂ ಹಿಂದಕ್ಕೆ ಹಾರುತ್ತಿದ್ದವು. ಕಾಳಿಂಗ ಸರ್ಪವನ್ನೂ ನೋಡಿದ, ಒಂದು ಮಂಗಳವಾರ, ಕಾಲು ಗಂಟೆ ಅಲುಗಾಡದೆ ನಿಂತು.

ಮಗಳದ್ದು ಬೇರೆ ತಲೆ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಅಮ್ಮನಿಗೂ ತನಗೂ ಟಿಕೆಟ್ ಸೊನ್ನೆ, ತಮ್ಮನಿಗೆ ಅರ್ಧ ಎಂದು ಈ ವರ್ಷ ಅವಳೇ ಲೆಕ್ಕ ಹಾಕಿದಳು. ಮಂಗಳೂರು ಸಿಟಿಯಲ್ಲೂ ಉಡುಪಿ ಕಡೆಗೂ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು, ಅಲ್ಲಿ ಇದು ನಡೆಯುವುದಿಲ್ಲ. ಹಾಗಾಗಿ ಧರ್ಮಸ್ಥಳ ಹಿಡಿದಳು. ಬೆಳಿಗ್ಗೆ ಬೇಗ ಹೊರಟೆವು. ದೇವರ ದರ್ಶನ, ಛತ್ರದ ಊಟ, ಮಂಜೂಷಾ ಮ್ಯೂಸಿಯಂ, ಹಳೇ ಕಾರುಗಳು. ಕಾರಿನ ಹತ್ತಿರದಿಂದ ಮಗನನ್ನು ಎಬ್ಬಿಸುವುದೇ ಕಷ್ಟವಾಯಿತು. ಆ ದಿನ ಮೂರು ಜನರ ಖರ್ಚು 250 ದಾಟಲಿಲ್ಲ. ನಮ್ಮ ಬೀದಿಯಲ್ಲಿ ಇಷ್ಟು ಕಡಿಮೆಯಲ್ಲಿ ಅಷ್ಟು ದೂರ ಹೋಗಿ ಬಂದವರು ಬೇರೆ ಯಾರೂ ಇಲ್ಲ, ಧೈರ್ಯವಾಗಿ ಹೇಳ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗವೂ ಆಯಿತು. ತಣ್ಣೀರುಬಾವಿ ಬೀಚಿಗೆ ಹೋಗಿದ್ದಾಗ, ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ಹೊಳೆ ದಾಟಿ ಹೋಗುವುದೇ ನಮಗೆ ಇಷ್ಟ, ಮಗ ಎರಡು ಲೀಟರ್ ಬಾಟಲಿಯಲ್ಲಿ ಸಮುದ್ರದ ನೀರು ತುಂಬಿಸಿದ. ತಾರಸಿ ಮೇಲೆ ಸ್ಟೀಲಿನ ಹರಿವಾಣದಲ್ಲಿ ಇಟ್ಟೆವು. ಮೊದಲ ಸಲ ಕಾಗೆ ಬಂದು ಚೆಲ್ಲಿತು. ಎರಡನೇ ಸಲ ಮೇಲೆ ಸೊಳ್ಳೆ ಪರದೆಯ ತುಂಡು ಕಟ್ಟಿದೆವು. ನಾಲ್ಕೈದು ದಿನದಲ್ಲಿ ಅಂಚಿನಿಂದ ಬಿಳಿ ಹರಳು ಕಟ್ಟುತ್ತಾ ಬಂತು. ಕೆರೆಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 60-65 ಗ್ರಾಂ. ನಾಲಿಗೆಗೆ ಇಟ್ಟರೆ ಉಪ್ಪಿನ ಜೊತೆ ಒಂದು ಕಹಿ. ಅಡುಗೆಗೆ ಹಾಕಲಿಲ್ಲ. ಹರಿವಾಣಕ್ಕೆ ಕಲೆ ಹಿಡಿಯಿತು, ಅದು ಅತ್ತೆಯದ್ದು, ಅದಕ್ಕೂ ಮಾತು ಕೇಳಿದೆ. ಆದರೆ ಅದೇ ಅತ್ತೆ ಆ ಉಪ್ಪನ್ನು ಸಣ್ಣ ಕರಡಿಗೆಯಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ.

ಎಲ್ಲ ಬರೆಯುವುದಿಲ್ಲ. ಸಮುದ್ರ ಇಳಿದಾಗ ಬಂಡೆ ಸಂದಿಯಲ್ಲಿ ಏಡಿ, ಸಣ್ಣ ಮೀನು ನೋಡಲು ನಾವು ಹೋಗುವ ಜಾಗ ಯಾವುದು ಎಂದು ಕೇಳಬೇಡಿ. ಬೆಳಿಗ್ಗೆ ಐದಕ್ಕೆ ಮಗ ತಾನಾಗಿ ಏಳುವುದು ಹೇಗೆ ಎಂಬುದೂ ನಮ್ಮಲ್ಲೇ ಇರಲಿ.

ಈ ವರ್ಷ ಎಂಟು ತಿರುಗಾಟ ಆಯಿತು. ಒಟ್ಟು ಐದು, ಐದೂವರೆ ಸಾವಿರ. ಉಳಿಸಿ ಉಳಿಸಿ ಪೌಚಿನಲ್ಲಿ 2,000ದ ಹತ್ತಿರ ಸೇರಿಸಿದ್ದರು, ಪಪ್ಪ ಬಂದಾಗ ಸೈಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗಬೇಕು ಎಂದು. ಮೇ ಮೊದಲ ವಾರ ಇವರು ಬಂದರು. ಮಳೆಗಾಲ ಹತ್ತಿರವಾದರೆ ದೋಣಿ ನಿಲ್ಲುತ್ತದೆ ಎಂದು ಮಗ ಒಂದೇ ಅವಸರ. ಇವರಿಗೆ ಕಾರು ಮಾಡಿಕೊಂಡು ಹೋಗುವ ಮನಸ್ಸು. ಬಸ್ಸಿನಲ್ಲೇ ಹೋದೆವು. ಮಲ್ಪೆಯಲ್ಲಿ ದೋಣಿಯ ಟಿಕೆಟಿಗೆ ಇವರು ಪರ್ಸ್ ತೆಗೆದರು. "ಪಪ್ಪ, ಅದು ಒಳಗೆ ಇಡಿ" ಅಂದ ಮಗ. ನೋಟನ್ನು ಬೆರಳಿಗೆ ಎಂಜಲು ಹಚ್ಚಿ ಎಣಿಸಿದ. ನಾಲ್ಕು ಜನರಿಗೆ ಸಾವಿರದ ಮೇಲೆ ಹೋಯಿತು.

ದ್ವೀಪದಲ್ಲಿ ಮಗಳು ಅಪ್ಪನ ಕೈ ಹಿಡಿದು ಆ ಕಲ್ಲಿನ ಕಂಬಗಳ ಹತ್ತಿರ ಕರೆದುಕೊಂಡು ಹೋದಳು. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗುತ್ತಾ ಕುಗ್ಗಿ ಹೀಗೆ ಸೀಳಿದ್ದು, ಆಗ ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿತ್ತು ಎಂದು ಹೇಳಿದಳು. ಮಗ ಒಂದೊಂದು ಕಂಬದ ಮೇಲೆ ಬೆರಳಿಟ್ಟು ಮೂಲೆ ಎಣಿಸಿದ. ಐದು, ಆರು, ಮತ್ತೆ ಆರು, ಒಂದು ಕಡೆ ಏಳು. ಇವರು ಬಿಸಿಲಲ್ಲಿ ಬಾಗಿ ಅವನ ಜೊತೆ ಎಣಿಸುತ್ತಿದ್ದರು. ಒಂದು ಗಂಟೆ ಮೊಬೈಲ್ ತೆಗೆಯಲಿಲ್ಲ.

ಮಲ್ಪೆಗೆ ಮರಳಿ ಇಳಿದಾಗ ಎಲ್ಲರಿಗೂ ಗಂಟಲು ಒಣಗಿತ್ತು. ಬೊಂಡದ (ಎಳನೀರಿನ) ಗಾಡಿ ನೋಡಿ ಇವರು, "ಕ್ಯಾಷಿಯರೇ, ಬೊಂಡ ಸಿಗಬಹುದಾ?" ಎಂದು ಕೇಳಿದರು.

ಮಗ ಪೌಚಿನ ಮೂರೂ ಜೇಬು ನೋಡಿದ. "ಎರಡು ಸಿಗ್ತದೆ, ಹಂಚಿ ಕುಡಿಯುವಾ" ಅಂದ. "ಆದ್ರೆ ಇವತ್ತು ಅಕ್ಕ ಲೀಡರ್. ಅವಳ ಹತ್ರ ಕೇಳಿ ಬನ್ನಿ."

ಇವರು ಕೇಳಲು ಹೋದರು.